ಅವಳು ಕೋಣೆ ಕೇಳಿದ್ದಳು

"ಕಾಲು ಬಿಚ್ಚಿ."

ಹಿಂದಿಯಲ್ಲಿ ಬಂದ ಆ ಮಾತು ಹರಿತಾಳಿಗೆ ಅರ್ಥವಾಯಿತು. ಅರ್ಥವಾದದ್ದನ್ನು ನಂಬಲು ಮಾತ್ರ ಆಗಲಿಲ್ಲ.

ವಿಮಾನ ನಿಲ್ದಾಣದ ತಪಾಸಣೆಯ ಜಾಗ. ಬೆಳಗಿನ ಏಳೂವರೆ. ಅವಳ ಹಿಂದೆ ಉದ್ದಕ್ಕೆ ಜನ. ಎದುರಿಗೆ ಖಾಕಿ ತೊಟ್ಟ ಮಹಿಳಾ ಸಿಬ್ಬಂದಿ, ಕೈಯಲ್ಲಿ ಕುಂಯ್ ಕುಂಯ್ ಎನ್ನುವ ಯಂತ್ರ. ಅದು ಹರಿತಾಳ ಎಡ ಮೊಣಕಾಲಿನ ಕೆಳಗೆ ಬಂದಾಗಲೆಲ್ಲ ಕೂಗುತ್ತಿತ್ತು.

ಅಲ್ಲಿದ್ದದ್ದು ಕೃತಕ ಕಾಲು. ಎಂಟು ವರ್ಷದ ಹಿಂದೆ, ಡಿಗ್ರಿ ಓದುವಾಗ, ಹೆದ್ದಾರಿಯಲ್ಲಿ ಬಸ್ಸು ಮಗುಚಿ ಅವಳ ಸ್ವಂತ ಕಾಲು ಹೋಗಿತ್ತು. ಅಂದಿನಿಂದ ಅಮ್ಮ, ಅಣ್ಣ, ಡಾಕ್ಟರು, ಈ ಮೂವರನ್ನು ಬಿಟ್ಟು ಯಾರೆದುರೂ ಅವಳು ಅದನ್ನು ಬಿಚ್ಚಿದವಳಲ್ಲ.

ಹರಿತಾ ತಿರುಗಿ ನೋಡಿದಳು. ಅವಳ ವೀಲ್‌ಚೇರ್ ತಳ್ಳಿಕೊಂಡು ಬಂದಿದ್ದ ಹುಡುಗ ಎರಡು ಹೆಜ್ಜೆ ಆಚೆ ನಿಂತಿದ್ದ. ನೀಲಿ ಅಂಗಿ, ಎದೆಯ ಮೇಲೆ 'ಮುರಳಿಮೋಹನ್' ಎಂಬ ಬಿಲ್ಲೆ. ಬಾಗಿಲಲ್ಲಿ ಅವಳು ಕುಂಟುತ್ತಾ ಓಡಿಬಂದದ್ದನ್ನು ನೋಡಿ, ತಾನಾಗಿಯೇ ಕುರ್ಚಿ ತಂದು ಕೂರಿಸಿದ್ದ. "ಯಾವೂರು ಮೇಡಂ?" ಎಂದು ಕೇಳಿದ್ದ. ಮೇಲೂರು ಎಂದಾಗ ಅವನ ಮುಖ ಅರಳಿತ್ತು. "ಅಯ್ಯೋ ನಮ್ಮ ಕಡೆಯೋರು! ನಮ್ದು ಗೌರಿಬಿದನೂರು." ಅವಳು ಅಣ್ಣನ ವಿಷಯ ಹೇಳಿದ ಮೇಲೆ ಅಂದಿದ್ದ, "ಹೆದರ್ಬೇಡಿ, ನಿಮ್ಮಣ್ಣನ ಹತ್ರ ನಿಮ್ಮನ್ನ ಕಳ್ಸೋ ಜವಾಬ್ದಾರಿ ನಂದು."

ಅಣ್ಣ!

ಅಣ್ಣ ಮೋಹನ್‌ಬಾಬು ಚಿಂತಾಮಣಿಯಿಂದ ಟೊಮೆಟೊ ಲೋಡು ತುಂಬಿಕೊಂಡು ನಾಗಪುರಕ್ಕೆ ಹೋಗುತ್ತಿದ್ದ ಲಾರಿ ಡ್ರೈವರ್. ನಿನ್ನೆ ಸಂಜೆ ನಾಗಪುರದ ಹತ್ತಿರ ಲಾರಿಗೆ ಲಾರಿ ಡಿಕ್ಕಿ. ಜೊತೆಯ ಡ್ರೈವರ್ ಆವಲಪ್ಪ ಆಸ್ಪತ್ರೆಯಿಂದ ಫೋನ್ ಮಾಡಿದ್ದ. "ಒಂದೇ ಸಮ ಹರಿತನ್ನ ಕರೀರಿ ಅಂತವ್ನೆ ಕಣಮ್ಮ... ಬೇಗ ಬಾ. ತಡ ಮಾಡ್ಬೇಡ."

ಎಂಟೂಕಾಲಿಗೆ ವಿಮಾನದ ಗೇಟು ಮುಚ್ಚುತ್ತದೆ. ಮುಂದಿನ ವಿಮಾನ ಮಧ್ಯಾಹ್ನಕ್ಕೆ.

"ರೀ," ಹರಿತಾ ಅವನನ್ನು ಕರೆದಳು. "ನನಗೆ ಹಿಂದಿ ಅಷ್ಟಾಗಿ ಬರಲ್ಲ. ಅವ್ರಿಗೆ ಹೇಳ್ರೀ... ಇಲ್ಲಿ ಬೇಡ. ಬಾಗ್ಲು ಹಾಕಿರೋ ಒಂದು ರೂಮಿಗೆ ಕರ್ಕೊಂಡ್ಹೋಗ್ಲಿ. ಅಲ್ಲಿ ಏನು ಬೇಕಾದ್ರೂ ನೋಡ್ಲಿ."

ಮುರಳಿ ಹಿಂದಿಯಲ್ಲಿ ಹೇಳಿದ. ಆಕೆ ಅವನ ಕಡೆ ನೋಡದೆಯೇ ಏನೋ ಅಂದರು.

"ಏನಂತೆ?"

ಅವನು ತಲೆ ತಗ್ಗಿಸಿದ. "ರೂಮು ತೆಗೆಸೋಕೆಲ್ಲ ಟೈಮಿಲ್ಲ, ಇಲ್ಲೇ ಬಿಚ್ಚಲಿ ಅಂತಾರೆ ಮೇಡಂ."

ಅಣ್ಣ ಕಾಯ್ತಿದಾನೆ... ಬಿಚ್ಚು ಹರಿತಾ, ಬಿಚ್ಚಿಬಿಡು. ಅವಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಚೂಡಿದಾರದ ಕಾಲನ್ನು ಮೇಲೆತ್ತಿದಳು. ಪಟ್ಟಿ ಸಡಿಲಿಸಿದಳು. ಸಾಲಿನಲ್ಲಿದ್ದ ಒಬ್ಬ ಹೆಂಗಸು ಮಗುವಿನ ಮುಖವನ್ನು ಆಚೆ ತಿರುಗಿಸಿದಳು. ಯಾರೋ ಮೊಬೈಲ್ ಎತ್ತಿದ ಹಾಗೂ ಕಂಡಿತು.

ಅವಳ ಕಾಲು ಟ್ರೇಯಲ್ಲಿ ಮಲಗಿ, ಬ್ಯಾಗುಗಳು, ಬೆಲ್ಟುಗಳು, ನೀರಿನ ಬಾಟಲಿಗಳ ನಡುವೆ ಯಂತ್ರದೊಳಕ್ಕೆ ಹೋಯಿತು.

ಆಚೆಯಿಂದ ಬಂದದ್ದನ್ನು ಮತ್ತೆ ಒಳಕ್ಕೆ ಕಳಿಸಿದರು. ಆಮೇಲೆ ಮೇಲಿನವರು ಬಂದು ನೋಡಬೇಕು ಎಂದರು. ಐದು ನಿಮಿಷ. ಹತ್ತು ನಿಮಿಷ. ಮೇಲಿನವರು ಬರಲಿಲ್ಲ.

"ರೀ, ಟೈಮ್ ಎಷ್ಟಾಯ್ತು?"

ಮುರಳಿ ಗಡಿಯಾರ ನೋಡಿದ. ಅವನ ಮುಖ ಬಿಳುಚಿತು. ವೀಲ್‌ಚೇರ್ ಅಲ್ಲೇ ಬಿಟ್ಟು ಓಡಿದ!

"ರೀ... ಎಲ್ಲಿಗೆ? ಬಿಟ್ಟು ಹೋಗ್ಬೇಡಿ... ರೀ!"

ಅವನು ತಿರುಗಲಿಲ್ಲ. ಹರಿತಾ ಒಂಟಿ ಕಾಲಿನಲ್ಲಿ ಎದ್ದು ನಿಲ್ಲಲು ನೋಡಿ, ಹಿಡಿದುಕೊಳ್ಳಲು ಏನೂ ಸಿಗದೆ ಮತ್ತೆ ಕುಸಿದಳು.

ಅವನು ಬಂದದ್ದು ಎಂಟೂವರೆಗೆ. ಅಷ್ಟರಲ್ಲಿ ಕಾಲು ಅವಳಿಗೆ ವಾಪಸು ಸಿಕ್ಕಿತ್ತು. ವಿಮಾನ ಹೋಗಿತ್ತು. ಏದುಸಿರು ಬಿಡುತ್ತಾ ಎದುರಿಗೆ ನಿಂತವನನ್ನು ಅವಳು ಕಣ್ಣೆತ್ತಿ ನೋಡಿದಳು.

"ಮೇಡಂ, ನಾನು..."

"ಹೋಗಿ. ಇನ್ನೊಂದ್ಸಲ ನನಗೆ ಮುಖ ತೋರಿಸ್ಬೇಡಿ."

ಅವನು ವೀಲ್‌ಚೇರ್ ತಳ್ಳಿಕೊಂಡು ಹೊರಟುಹೋದ.

ಹನ್ನೊಂದು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಆವಲಪ್ಪನ ಫೋನು ಬಂತು. ಹರಿತಾ ಮಧ್ಯಾಹ್ನದ ವಿಮಾನಕ್ಕೆ ಕಾಯುತ್ತಾ ಅಲ್ಲೇ ಕೂತಿದ್ದಳು. ಆವಲಪ್ಪ ಅತ್ತದ್ದಷ್ಟೇ ಕೇಳಿಸಿತು...

* * *

ಕಾಲು ಹೋದ ಮೇಲೆ ಎರಡು ವರ್ಷ ಅವಳನ್ನು ಬೈಕಿನಲ್ಲಿ ಕಾಲೇಜಿಗೆ ಬಿಟ್ಟು, ಮೆಟ್ಟಿಲ ಹತ್ತಿರ ಬೆನ್ನು ಕೊಟ್ಟು ಹೊತ್ತುಕೊಂಡು ಮೇಲೆ ಹೋಗುತ್ತಿದ್ದವನು ಅಣ್ಣ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಅವಳು ಗಣಿತದ ಮೇಡಂ ಆದ ದಿನ ಊರಿಗೆಲ್ಲ ಸಿಹಿ ಹಂಚಿದವನು ಅವನು. ಅಂಥವನ ಕೊನೆಯ ಮಾತು ಕೇಳಲು ಅವಳಿಗೆ ಆಗಲಿಲ್ಲ.

ಮೇಲೂರಿನ ಮನೆಯಲ್ಲಿ ರೇಷ್ಮೆ ಹುಳುವಿನ ತಟ್ಟೆಗಳು ಖಾಲಿ ಬಿದ್ದವು. ತಾಯಿ ಕದಿರಮ್ಮ ಹಿಪ್ಪುನೇರಳೆ ತೋಟದ ಕಡೆ ಹೋಗುವುದನ್ನೇ ಬಿಟ್ಟರು. ಹರಿತಾ ಸ್ಕೂಲಿಗೆ ಹೋಗುತ್ತಿದ್ದಳು, ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದಳು, ನಡುವೆ ಕೈ ನಿಂತು ಹೋಗುತ್ತಿತ್ತು. ಮಲಗುವಾಗಲೂ ಕಾಲು ಬಿಚ್ಚುತ್ತಿರಲಿಲ್ಲ. ಅಮ್ಮನ ಎದುರೂ ಇಲ್ಲ. ಮೊಣಕಾಲಿನ ಕೆಳಗೆ ಹುಣ್ಣಾಯಿತು. ಆದರೂ ಬಿಚ್ಚಲಿಲ್ಲ.

ಪಕ್ಕದ ಬೀದಿಯ ಪುಟ್ಟಸ್ವಾಮಯ್ಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ತಿಂಗಳ ತಿಥಿಗೆ ಬಂದವರು ಅವಳ ಮಾತನ್ನೆಲ್ಲ ಕೇಳಿ ಕನ್ನಡಕ ತೆಗೆದರು.

"ಅಲ್ಲಮ್ಮ, ಮರೆಯಲ್ಲಿ ತಪಾಸಣೆ ಮಾಡಿ ಅಂತ ಕೇಳೋದು ನಿನ್ನ ಹಕ್ಕು. ಅವ್ರು ಮಾಡೋ ಉಪಕಾರ ಅಲ್ಲ ಅದು. ನೀನು ಕೇಳಿದ್ಯಾ?"

"ಕೇಳ್ದೆ ಸಾರ್. ಕೇಳ್ದೆ."

"ಹಂಗಾದ್ರೆ ದೂರು ಬರಿ."

ಹರಿತಾ ಬರೆದಳು. ಖಾಕಿಯ ಹೆಂಗಸಿನ ಬಗ್ಗೆ ಬರೆದಳು. ಬಾರದೇ ಹೋದ ಮೇಲಿನವರ ಬಗ್ಗೆ ಬರೆದಳು. ಕೊನೆಗೆ, ಹಲ್ಲು ಕಚ್ಚಿ, ಇನ್ನೊಂದು ಸಾಲು ಸೇರಿಸಿದಳು. 'ಜವಾಬ್ದಾರಿ ನನ್ನದು ಎಂದ ವೀಲ್‌ಚೇರ್ ಸಹಾಯಕ ಮುರಳಿಮೋಹನ್, ಒಂಟಿ ಕಾಲಿನಲ್ಲಿ ಕೂತಿದ್ದ ನನ್ನನ್ನು ಬಿಟ್ಟು ಓಡಿಹೋದರು.'

ಅವಳ ಸಿಟ್ಟೆಲ್ಲ ಆ ಒಂದು ಹೆಸರಿಗೆ ಅಂಟಿಕೊಂಡಿತ್ತು. ಖಾಕಿಯವರು ಯಾರೋ, ಎತ್ತಲವರೋ. ಆದರೆ ಅವನು? ನಮ್ಮ ಕಡೆಯೋರು ಅಂದಿದ್ದನಲ್ಲ!

ಆರು ವಾರಕ್ಕೆ ಉತ್ತರ ಬಂತು. 'ಪ್ರಯಾಣಿಕರು ಪ್ರತ್ಯೇಕ ಕೋಣೆ ಕೇಳಿದ ಬಗ್ಗೆ ದಾಖಲೆ ಇಲ್ಲ. ತಪಾಸಣೆ ನಿಯಮದಂತೆ ನಡೆದಿದೆ. ಪ್ರಯಾಣಿಕರನ್ನು ಬಿಟ್ಟು ಹೋದ ಸಹಾಯಕನನ್ನು ಅವನ ಕಂಪನಿ ಕೆಲಸದಿಂದ ತೆಗೆದಿದೆ.'

ಹರಿತಾ ಕಾಗದವನ್ನು ಮೂರು ಸಲ ಓದಿದಳು. ಒಬ್ಬನ ಕೆಲಸ ಹೋಯಿತು. ತನಗೆ ಸಮಾಧಾನ ಆಗಬೇಕಿತ್ತು... ಯಾಕೆ ಆಗುತ್ತಿಲ್ಲ? ಕೇಳೇ ಇಲ್ಲ ಅಂತಾರಲ್ಲ, ದೇವರೇ! ನಾನು ಬೇಡಿಕೊಂಡದ್ದು ಯಾರ ಕಿವಿಗೂ ಬೀಳಲೇ ಇಲ್ಲವಾ?

ಅವಳು ಮೇಲ್ಮನವಿ ಹಾಕಿದಳು.

* * *

ಬೆಂಗಳೂರಿನ ಕಚೇರಿಯೊಂದರಲ್ಲಿ ಮೊದಲ ವಿಚಾರಣೆ. ವಿಚಾರಣಾಧಿಕಾರಿ ವಯಸ್ಸಾದ ಹೆಂಗಸು. ಅಂದಿನ ಕ್ಯಾಮೆರಾ ದೃಶ್ಯವನ್ನು ಪರದೆಯ ಮೇಲೆ ಹಾಕಿಸಿದರು. ದೃಶ್ಯ ಇತ್ತು, ಶಬ್ದ ಇರಲಿಲ್ಲ.

ಹರಿತಾ ತನ್ನನ್ನೇ ನೋಡಿದಳು. ಕುರ್ಚಿಯ ಮೇಲೆ ಮುದುಡಿ ಕೂತ ಹೆಣ್ಣು. ತುಟಿ ಅಲುಗುತ್ತಿದೆ, ಏನು ಹೇಳುತ್ತಿದ್ದಾಳೋ ಯಾರಿಗೂ ತಿಳಿಯದು. ನೀಲಿ ಅಂಗಿಯವನು ಓಡುತ್ತಾನೆ.

"ಆ ಹುಡುಗ ಎಲ್ಲಿಗೆ ಹೋದ?" ಅಧಿಕಾರಿ ಕೇಳಿದರು. "ಮುಂದಿನ ಕ್ಯಾಮೆರಾ ಹಾಕಿ."

ಮುಂದಿನ ಕ್ಯಾಮೆರಾದಲ್ಲಿ ಅವನು ಜನರನ್ನು ತಳ್ಳಿಕೊಂಡು ಓಡುತ್ತಿದ್ದ. ಅದರ ಮುಂದಿನದರಲ್ಲಿ, ವಿಮಾನದ ಗೇಟು. ಅಲ್ಲಿನ ಸಿಬ್ಬಂದಿಗೆ ಏನೋ ಹೇಳುತ್ತಿದ್ದಾನೆ. ಅವರು ತಲೆಯಾಡಿಸುತ್ತಾರೆ. ಅವನು ಹಿಂದಕ್ಕೆ ಕೈ ತೋರಿಸುತ್ತಾನೆ, ತನ್ನ ಎಡಗಾಲು ಮುಟ್ಟಿ ತೋರಿಸುತ್ತಾನೆ. ಎರಡೂ ಕೈ ಜೋಡಿಸುತ್ತಾನೆ. ಬಾಗಿಲು ಎಳೆಯಲು ಬಂದವರ ಮುಂದೆ ಅಡ್ಡ ನಿಲ್ಲುತ್ತಾನೆ. ಒಬ್ಬ ಅವನ ಭುಜ ಹಿಡಿದು ಆಚೆ ನೂಕುತ್ತಾನೆ. ಮತ್ತೆ ಬಂದು ಕೈ ಮುಗಿಯುತ್ತಾನೆ.

ಬಾಗಿಲು ಮುಚ್ಚಿಕೊಂಡಿತು. ಮುಚ್ಚಿದ ಬಾಗಿಲಿನ ಎದುರು ಅವನು ಎಷ್ಟೋ ಹೊತ್ತು ಹಾಗೇ ನಿಂತಿದ್ದ.

ಹರಿತಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

ಬಿಟ್ಟು ಓಡಿದ್ದಲ್ಲ... ನನಗೋಸ್ಕರ ಓಡಿದ! ನಾನು ಅವನ ಅನ್ನ ಕಿತ್ಕೊಂಡೆ...

ಅಲ್ಲೇ ಕಾಗದ ತೆಗೆದುಕೊಂಡು, ಮುರಳಿಮೋಹನ್ ಮೇಲಿನ ದೂರನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಬರೆದುಕೊಟ್ಟಳು.

"ಆದ್ರೆ ನೀವು ರೂಮು ಕೇಳಿದ್ರಿ ಅನ್ನೋದಕ್ಕೆ ಇದ್ರಲ್ಲಿ ಸಾಕ್ಷಿ ಇಲ್ಲಮ್ಮ," ಎಂದರು ಅಧಿಕಾರಿ, ಮೆಲ್ಲಗೆ.

* * *

ಹುಡುಕಿಕೊಂಡು ಹೋದ ಹರಿತಾಳಿಗೆ ಮುರಳಿ ಸಿಕ್ಕಿದ್ದು ಗೌರಿಬಿದನೂರಿನ ಹೊರಗೆ, ಕುಡುಮಲಕುಂಟೆಯ ಕಾರ್ಖಾನೆಯೊಂದರ ಗೇಟಿನಲ್ಲಿ. ಶಿಫ್ಟು ಬಿಟ್ಟಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದವನು ಅವಳನ್ನು ಕಂಡು ನಿಂತುಬಿಟ್ಟ. ಸೊರಗಿದ್ದ.

"ಮೇಡಂ... ನೀವು ಇಲ್ಲಿ?"

"ಯಾಕ್ರೀ ಹೇಳ್ಲಿಲ್ಲ ಅವತ್ತು?" ಹರಿತಾಳಿಗೆ ಅಳು ತಡೆಯಲಾಗಲಿಲ್ಲ. "ಗೇಟಿಗೆ ಓಡಿದ್ದೆ ಅಂತ ಒಂದು ಮಾತು! ಕೆಲಸ ತೆಗೀವಾಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿ ಏನ್ಮಾಡೋದು? ಗೇಟು ಮುಚ್ಚಿತ್ತಲ್ಲ ಮೇಡಂ." ಅವನು ನೆಲ ನೋಡುತ್ತಾ ನಿಂತ. "ನಿಮ್ಮಣ್ಣ...?"

"ಇಲ್ಲ. ಅವತ್ತೇ, ಹನ್ನೊಂದು ಗಂಟೆಗೆ."

ಅವನು ಪಕ್ಕದ ಕಾಂಪೌಂಡಿನ ಗೋಡೆ ಹಿಡಿದುಕೊಂಡ.

"ನನ್ನ ಕ್ಷಮಿಸಿ," ಎಂದಳು ಹರಿತಾ. "ಅದು ಕೇಳೋಕೇ ಬಂದೆ."

"ಬೇಡ. ನನ್ನ ಕೇಳ್ಬೇಡಿ ಮೇಡಂ!" ಅವನ ದನಿ ಒಡೆಯಿತು. "ನಿಮಗೆ ಗೊತ್ತಿಲ್ದೇ ಇರೋದು ಒಂದಿದೆ. ನಮಗೆ ಟ್ರೇನಿಂಗ್‌ನಲ್ಲಿ ಹೇಳ್ಕೊಟ್ಟಿದ್ರು. ಕೃತಕ ಕಾಲಿರೋರು ಮರೆ ಕೇಳಿದ್ರೆ ಕೊಡ್ಲೇಬೇಕು ಅಂತ. ರೂಮು ಅಲ್ಲೇ ಇತ್ತು... ಇಪ್ಪತ್ತು ಹೆಜ್ಜೆ ದೂರದಲ್ಲಿ. ನೀವು ಅಂದಿದ್ದನ್ನ ಹಿಂದಿಗೆ ಮಾಡಿ ಹೇಳ್ದೆ, ಅಷ್ಟೇ. 'ಇದು ರೂಲ್ಸು, ನೀವು ಹಿಂಗೆ ಮಾಡಂಗಿಲ್ಲ' ಅನ್ನೋಕೆ ಬಾಯಿ ಬರ್ಲಿಲ್ಲ. ಖಾಕಿ ನೋಡಿ ಹೆದರ್ದೆ. ನಾನು ಬಾಯ್ಬಿಟ್ಟಿದ್ರೆ..."

ಹರಿತಾ ಒಂದು ಹೆಜ್ಜೆ ಹಿಂದೆ ಸರಿದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ..."

ಅವಳು ತಿರುಗಿ ನಡೆದಳು. ಹುಣ್ಣಾದ ಕಾಲು ಹೆಜ್ಜೆಹೆಜ್ಜೆಗೂ ಉರಿಯಿತು. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ದಾರಿಯುದ್ದಕ್ಕೂ ಅತ್ತಳು. ಯಾರ ಮೇಲಿನ ಸಿಟ್ಟೋ, ಯಾರಿಗಾಗಿ ಅಳುವೋ ಅವಳಿಗೇ ತಿಳಿಯಲಿಲ್ಲ.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಕದಿರಮ್ಮ ಮಗಳ ತಲೆ ಸವರಿದರು.

"ಗೊತ್ತಿದ್ದೂ ಸುಮ್ನಿದ್ದ ಅಂತೀಯಲ್ಲ ತಲ್ಲೀ, ಸರಿ. ತಪ್ಪೇ. ಆದ್ರೆ ಅವನೇ ಬಾಯಿಬಿಟ್ಟು ಹೇಳ್ದೆ ಹೋಗಿದ್ರೆ ನಿಂಗೆ ಗೊತ್ತಾಗ್ತಿತ್ತಾ? ಹೇಳ್ದ ನೋಡು!" ಆಕೆಯ ಕಣ್ಣು ತುಂಬಿತು. "ಮತ್ತೆ ಇನ್ನೊಂದು. ನಿಮ್ಮಣ್ಣನಿಗೋಸ್ಕರ ಕಂಡೋರ ಮುಂದೆ ಕೈ ಮುಗ್ದೋನು ಈ ಭೂಮಿ ಮೇಲೆ ಅವನೊಬ್ನೇ ಕಣಮ್ಮ."

ಹರಿತಾ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು. ಅವತ್ತು ಕದಿರಮ್ಮ ತಾವೇ ಪಟ್ಟಿ ಸಡಿಲಿಸಿ, ಕಾಲು ತೆಗೆದು, ಹುಣ್ಣಿಗೆ ಮುಲಾಮು ಹಚ್ಚಿದರು. ಹರಿತಾ ಬೇಡ ಎನ್ನಲಿಲ್ಲ.

* * *

ಎರಡನೇ ವಿಚಾರಣೆಗೆ ಹರಿತಾ ಆಸೆ ಬಿಟ್ಟೇ ಹೋಗಿದ್ದಳು. ಪುಟ್ಟಸ್ವಾಮಯ್ಯ ಜೊತೆಗೆ ಬರುತ್ತೇನೆಂದವರು ಜ್ವರ ಬಂದು ಮಲಗಿದ್ದರು. ಒಬ್ಬಳೇ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಮೆಟ್ಟಿಲು ಹತ್ತಿ ಬಂದವನು... ಮುರಳಿ!

"ನೀವ್ಯಾಕೆ?"

"ಸಾಕ್ಷಿ ಹೇಳೋಕೆ. ಬರೆದು ಕಳ್ಸಿದ್ದೆ, ಬರೋಕೆ ಹೇಳಿದ್ರು."

ಅವನು ಬೆಂಚಿನ ಆ ತುದಿಯಲ್ಲಿ ಕೂತ.

ಒಳಗೆ ಅವನ ಹಳೇ ಕಂಪನಿಯ ಕಡೆಯವರು ಅವನನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಮೇಡಂ, ಇವರ ಮೇಲಿನ ದೂರು ವಾಪಸ್ ಆಗಿದೆ. ವಾಪಸ್ ಕೆಲಸಕ್ಕೆ ಬನ್ನಿ ಅಂತ ಹೋದ ತಿಂಗಳೇ ಪತ್ರ ಕಳ್ಸಿದೀವಿ. ಇವರು ಸುಮ್ನೆ ಬಂದು ಸೇರ್ಕೊಬೋದಿತ್ತು."

ಹರಿತಾ ಬೆಚ್ಚಿ ಅವನತ್ತ ನೋಡಿದಳು. ಕೆಲಸಕ್ಕೆ ಕರೆದಿದ್ದರಾ? ಹೋಗಿಲ್ಲವಾ?

"ಸುಮ್ನೆ ಇರೋದು ನಂಗೆ ಒಂದ್ಸಲ ಸಾಕಾಯ್ತು ಸಾರ್," ಎಂದ ಮುರಳಿ. ಅವನು ಅಧಿಕಾರಿಯತ್ತ ತಿರುಗಿದ. "ಇವ್ರು ರೂಮು ಕೇಳಿದ್ರು. ಕನ್ನಡದಲ್ಲಿ ಕೇಳಿದ್ರು, ಹಿಂದಿಗೆ ಮಾಡಿ ಹೇಳ್ದೋನು ನಾನೇ. ತಪಾಸಣೆಯವ್ರು ಟೈಮಿಲ್ಲ ಅಂದ್ರು. ರೂಮು ಖಾಲಿ ಇತ್ತು. ರೂಲ್ಸು ನಂಗೂ ಗೊತ್ತಿತ್ತು. ನಾನು ಹೇಳ್ಲಿಲ್ಲ. ಅದು ನನ್ನ ತಪ್ಪು, ಅದನ್ನೂ ಬರ್ಕೊಳ್ಳಿ ಮೇಡಂ."

ಅಧಿಕಾರಿ ಬರೆದದ್ದನ್ನು ಗಟ್ಟಿಯಾಗಿ ಓದಿದರು. "ಪ್ರಯಾಣಿಕರು ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಮಾಡುವಂತೆ ಕೇಳಿದ್ದರು. ನಿರಾಕರಿಸಲಾಯಿತು. ಇದು ಅವರ ಹಕ್ಕಿನ ಉಲ್ಲಂಘನೆ."

ಕೇಳಿದ್ದರು.

ಇಷ್ಟು ತಿಂಗಳು ಈ ಒಂದು ಮಾತಿಗೆ ಒದ್ದಾಡಿದ್ದಳು. ಈಗ ಸಿಕ್ಕಿತು. ಆದರೆ ಅಣ್ಣ? ಈ ಕಾಗದ ತೋರಿಸಲು ಅವನಿಲ್ಲ. ಮೇಜಿನ ಅಂಚು ಹಿಡಿದು ಹರಿತಾ ಬಿಕ್ಕಿಬಿಕ್ಕಿ ಅತ್ತಳು. ಗೆದ್ದವರು ಹೀಗೆ ಅಳುತ್ತಾರೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

* * *

ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಇಳಿದಾಗ ನಾಲ್ಕು ಗಂಟೆ. ಇಲ್ಲಿಂದ ಅವಳು ಶಿಡ್ಲಘಟ್ಟದ ಬಸ್ಸು ಹಿಡಿಯಬೇಕು, ಅವನು ಗೌರಿಬಿದನೂರಿನದು. ಎರಡೂ ನಿಂತಿದ್ದವು. ಇಬ್ಬರೂ ಹತ್ತಲಿಲ್ಲ.

"ಕಾಲು ನೋಯ್ತಿದ್ಯಾ? ಕೂತ್ಕೊಳ್ಳಿ," ಎಂದ ಅವನು. ಕಲ್ಲುಬೆಂಚಿನ ಮೇಲೆ ಕೂತರು.

"ಆ ಕೆಲಸ ಹೋಯ್ತಲ್ರೀ, ಪೂರ್ತಿ. ಇನ್ನು ಅವ್ರು ಕರೆಯಲ್ಲ."

"ಹೋಗ್ಲಿ ಬಿಡಿ."

ಅವನೇ ಕೇಳಿದ. "ನಿಮ್ಮಣ್ಣ ಹೆಂಗಿದ್ರು? ಅವತ್ತಿಂದ ದಿನಾ ನೆನಸ್ಕೊಂತೀನಿ. ಮುಖಾನೇ ಗೊತ್ತಿಲ್ಲ ನಂಗೆ."

ಅಣ್ಣ ಹೇಗೆ ಸತ್ತ ಎಂದು ಎಲ್ಲರೂ ಕೇಳಿದ್ದರು. ಹೇಗಿದ್ದ ಎಂದು ಕೇಳಿದವರು ಯಾರೂ ಇರಲಿಲ್ಲ. ಹರಿತಾ ಹೇಳತೊಡಗಿದಳು. ಸಾಂಬಾರಿಗೆ ಹುಳಿ ಕಮ್ಮಿಯಾದರೆ ಊಟ ಬಿಟ್ಟೇಳುತ್ತಿದ್ದದ್ದು, ಸ್ಟೇರಿಂಗ್ ಹಿಡಿದರೆ ತೆಲುಗು ಹಾಡು ತಪ್ಪುತಪ್ಪಾಗಿ ಅರಚುತ್ತಿದ್ದದ್ದು, ಅವಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತುವಾಗ "ಏನೇ ಇಷ್ಟು ಭಾರ, ಮುದ್ದೆ ಕಮ್ಮಿ ಮಾಡು" ಎಂದು ಬೈಯುತ್ತಿದ್ದದ್ದು... ಹೇಳುತ್ತಾ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. ಅವನೂ ಕಣ್ಣೊರೆಸಿಕೊಂಡ.

ಶಿಡ್ಲಘಟ್ಟದ ಬಸ್ಸು ಹೊರಟುಹೋಯಿತು. ಇನ್ನೊಂದು ಬಂದು ನಿಂತಿತು.

"ಹರಿತಾ ಅವ್ರೇ," ಮೊದಲ ಸಲ ಅವನು ಹೆಸರು ಹಿಡಿದು ಕರೆದ. "ನಾನು ಹೇಳಬಾರ್ದೇನೋ. ಅವತ್ತು ನಿಮ್ಮ ಕಣ್ಣಲ್ಲಿ ನನ್ನ ಮೇಲಿದ್ದ ಅಸಹ್ಯ ಇದ್ಯಲ್ಲ, ಅದನ್ನ ಹೊತ್ಕೊಂಡೇ ಇದೀನಿ. ಆದ್ರೂ ದಿನಾ ನಿಮ್ಮನ್ನೇ ನೋಡ್ಬೇಕು ಅನ್ಸುತ್ತೆ. ಇದಕ್ಕೆ ಏನನ್ಬೇಕೋ ನಂಗೆ ಗೊತ್ತಿಲ್ಲ."

ಹರಿತಾ ಅವನತ್ತ ತಿರುಗಿದಳು.

"ಅಸಹ್ಯ ಹೋಯ್ತು ಕಣ್ರೀ. ಆದ್ರೆ ಸಂಕಟ ಹೋಗಲ್ಲ. ನಿಮ್ಮನ್ನ ನೋಡ್ದಾಗೆಲ್ಲ ಆ ಬೆಳಿಗ್ಗೆ ನೆನಪಾಗುತ್ತೆ. ಮುಂದೂ ಆಗುತ್ತೆ. ಅಂಥೋಳ ಜೊತೆ ಇರೋಕಾಗುತ್ತಾ ನಿಮಗೆ?"

"ನಂಗೂ ಅದೇ ಬೆಳಿಗ್ಗೆ ನೆನಪಾಗೋದು. ಒಬ್ಬೊಬ್ರೇ ನೆನಸ್ಕೊಳ್ಳೋ ಬದ್ಲು..."

ಕಂಡಕ್ಟರು ಶಿಡ್ಲಘಟ್ಟ, ಶಿಡ್ಲಘಟ್ಟ ಎಂದು ಕೂಗಿದ. ಹರಿತಾ ಎದ್ದಳು. ಅವನು ಕೈ ಚಾಚಲಿಲ್ಲ, ಬೇಕಾದರೆ ಹಿಡಿಯಲಿ ಎಂಬಂತೆ ಹತ್ತಿರ ನಿಂತ. ಅವಳು ಅವನ ತೋಳು ಹಿಡಿದುಕೊಂಡಳು.

"ಭಾನುವಾರ ಮೇಲೂರಿಗೆ ಬರ್ತೀನಿ," ಎಂದ ಅವನು. "ನಿಮ್ಮಮ್ಮನ್ನ ಕೇಳ್ತೀನಿ."

"ನನ್ನ ಕೇಳಲ್ವಾ?"

"ನಿಮ್ಮನ್ನ ಈಗ ಕೇಳ್ತಿದೀನಿ."

"ನಂಗಿನ್ನೂ ನಗೋಕೆ ಬರಲ್ಲ, ಮುರಳಿ."

"ಅಳ್ತಾನೇ ಹೇಳಿ. ಪರವಾಗಿಲ್ಲ."

ಅವಳ ಕೆನ್ನೆ ಒದ್ದೆಯಾಗಿತ್ತು. ತೋಳಿನ ಹಿಡಿತ ಬಿಗಿಯಾಯಿತು.

"ಹೂಂ ಕಣ್ರೀ... ಬನ್ನಿ."